ಚಹಾದ ನಂತರ ಹೇಳಬೇಕಾಗಿದ್ದ ಮಾತು

ನಾವು ಇದ್ದೇವೋ ಇಲ್ಲವೋ ಎಂಬ ವಿಚಾರದಲ್ಲಿ ನಮ್ಮ ಟರ್ಕಿ ಸರ್ಕಾರಕ್ಕೆ ಬಹಳ ಕಾಲ ಅನುಮಾನವಿತ್ತು. ನಾನು ಶಾಲೆಗೆ ಹೋಗುತ್ತಿದ್ದಾಗ ಮೇಷ್ಟ್ರು ಹೇಳಿಕೊಟ್ಟದ್ದು ಇಷ್ಟು: ಕುರ್ದರು ಎಂಬ ಜನವೇ ಇಲ್ಲ, ಇರುವವರೆಲ್ಲ ಬೆಟ್ಟದ ತುರ್ಕರು, ಹಿಮದ ಮೇಲೆ ನಡೆಯುವಾಗ ಬೂಟಿನಡಿಯಿಂದ ಬರುವ ಕರ್ತ್ ಕುರ್ತ್ ಸದ್ದಿನಿಂದ ಆ ಹೆಸರು ಹುಟ್ಟಿಕೊಂಡಿದೆ. ನನ್ನ ಕಾಲಲ್ಲಿದ್ದದ್ದು ರಬ್ಬರ್ ಚಪ್ಪಲಿ. ಎಷ್ಟು ನಡೆದರೂ ಅದರಿಂದ ಅಂಥ ಸದ್ದು ಬರಲಿಲ್ಲ. ಹಾಗಾದರೆ ನಾನು ಅದೂ ಅಲ್ಲವೇನೋ ಎಂದು ಚಿಕ್ಕಂದಿನಲ್ಲಿ ತುಂಬಾ ಚಿಂತೆ ಮಾಡಿದ್ದೆ. ದೊಡ್ಡವನಾದ ಮೇಲೆ, ಇಲ್ಲದ ಜನರನ್ನು ತಡೆಯುವುದಕ್ಕೆ ಇಷ್ಟೊಂದು ಚೆಕ್‌ಪೋಸ್ಟ್ ಯಾಕೆ ಎಂದು ಕೇಳಬೇಕೆನಿಸಿತು. ಆದರೆ ಕೇಳಬೇಕಾದದ್ದು ಚೆಕ್‌ಪೋಸ್ಟಿನವನನ್ನೇ ಆದ್ದರಿಂದ ಬಾಯಿ ಮುಚ್ಚಿಕೊಂಡೆ.

ಯುರೋಪಿಗೆ ಮಾತ್ರ ನಾವಿರುವುದು ಗೊತ್ತಿತ್ತು. ಅದು ನಮ್ಮ ಬಗ್ಗೆ ಆಗಾಗ ಕಳವಳ ವ್ಯಕ್ತಪಡಿಸುತ್ತಿತ್ತು. ಒಂದು ಹಳ್ಳಿ ಸುಟ್ಟರೆ ಕಳವಳ, ನಾಲ್ಕು ಹಳ್ಳಿ ಸುಟ್ಟರೆ ತೀವ್ರ ಕಳವಳ, ಕಣಿವೆಗೆ ಕಣಿವೆಯೇ ಖಾಲಿಯಾದರೆ ಅತೀವ ಕಳವಳ. ಆ ಕಳವಳವನ್ನೆಲ್ಲ ಹಿಟ್ಟು ಮಾಡಿ ಹಂಚಿದ್ದರೆ ದಿಯಾರ್‌ಬಕೀರ್ ಪಟ್ಟಣದ ನಮ್ಮ ಬಾಗ್ಲಾರ್ ಬಡಾವಣೆಯಲ್ಲಿ ಹೊಟ್ಟೆ ಬೆಳೆಯದ ಗಂಡಸೇ ಇರುತ್ತಿರಲಿಲ್ಲ. ಕಳವಳಪಡುವ ಕೈಯಲ್ಲೇ ನಮ್ಮ ಸೈನ್ಯಕ್ಕೆ ಹೆಲಿಕಾಪ್ಟರನ್ನೂ ಮಾರುತ್ತಾರೆ ಎಂದು ಚಹಾದಂಗಡಿಯಲ್ಲಿ ಕೂತವರು ಹೇಳುತ್ತಿದ್ದರು. ನನಗೆ ಅದೆಲ್ಲ ಬೇಡ. ನಾನು ರಾಜಕೀಯದವನಲ್ಲ, ಮಿನಿಬಸ್ ಓಡಿಸುವವನು. ಹೆಸರು ಮಿಸ್ತೊ. ಸರ್ಕಾರಿ ಕಾಗದದಲ್ಲಿ ಮುಸ್ತಫಾ. ಮುಸ್ತಫಾ ಎಂದು ಯಾರಾದರೂ ಕೂಗಿದರೆ ನನಗೆ ಇವತ್ತಿಗೂ ಜೇಬಿನಿಂದ ಗುರುತಿನ ಚೀಟಿ ತೆಗೆಯುವ ಅಭ್ಯಾಸ.

ಈಗ ಹೇಳಹೊರಟಿರುವುದು ನನ್ನ ವಿಷಯವಲ್ಲ, ನನ್ನ ಅತ್ತೆ ಪೆರಿಖಾನಳ ವಿಷಯ. ನಮ್ಮಪ್ಪನ ಅಕ್ಕ. ಆದರೆ ನಡುನಡುವೆ ನಾನು ತಲೆ ತೂರಿಸುತ್ತೇನೆ, ಅದು ನನ್ನ ಚಾಳಿ. ಮಿನಿಬಸ್ಸಿನಲ್ಲೂ ಅಷ್ಟೇ, ಜನ ಮಾತಾಡಿಕೊಳ್ಳುತ್ತಿದ್ದರೆ ಕನ್ನಡಿಯಲ್ಲಿ ನೋಡುತ್ತಾ ನಾನೂ ಸೇರಿಕೊಳ್ಳುತ್ತೇನೆ.

ಪೆರಿಖಾನ್ ಅತ್ತೆಯ ಹಳ್ಳಿ ಕುಲ್ಪ್ ಕಡೆಯ ಬೆಟ್ಟದಲ್ಲಿತ್ತು. ನಾವು ಕಾನಿಯಾ ಸ್ಪೀ ಎನ್ನುತ್ತಿದ್ದೆವು, ಬಿಳಿ ನೀರಿನ ಊಟೆ ಎಂದರ್ಥ. ಸರ್ಕಾರ ಬಂದು ರಸ್ತೆ ಬದಿಗೆ ಬೇರೊಂದು ಹೆಸರಿನ ಬೋರ್ಡು ನೆಟ್ಟಿತು. ಆ ಹೆಸರಿನಿಂದ ಊರನ್ನು ಯಾರೂ ಕರೆಯಲಿಲ್ಲ, ಬೋರ್ಡಿಗೆ ಆಡುಗಳು ಮೈ ಉಜ್ಜಿಕೊಳ್ಳುತ್ತಿದ್ದವು. ಅತ್ತೆ ಆ ಊರಿಗೆ ಮದುವೆಯಾಗಿ ಹೇಸರಗತ್ತೆಯ ಮೇಲೆ ಕೂತು ಬಂದವಳು. ಹೆಮೊ ಮಾವನಿಗೆ ಹಿಪ್ಪುನೇರಳೆ ತೋಟವಿತ್ತು, ಅತ್ತೆ ರೇಷ್ಮೆಹುಳು ಸಾಕುತ್ತಿದ್ದಳು. ರಾತ್ರಿಯಿಡೀ ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳುತ್ತಾ ಮಲಗಿ ಅಭ್ಯಾಸವಾಗಿ, ಆಮೇಲೆ ಪಟ್ಟಣದಲ್ಲಿ ಅವಳಿಗೆ ಸರಿಯಾಗಿ ನಿದ್ದೆ ಹತ್ತಲೇ ಇಲ್ಲ. ಮಕ್ಕಳಾಗಲಿಲ್ಲ. ಹೆಮೊ ಮಾವ ಎದೆನೋವು ಬಂದು ತೀರಿಕೊಂಡ. ಅವನನ್ನು ತೋಟದ ಮೇಲಿನ ದಿಬ್ಬದಲ್ಲಿ ಮಣ್ಣು ಮಾಡಿದರು. ಅತ್ತೆ ಹುಳು, ಮರ, ಗೋರಿ ಮೂರನ್ನೂ ನೋಡಿಕೊಂಡು ಒಬ್ಬಳೇ ಇದ್ದಳು.

ತೊಂಬತ್ತರ ದಶಕದಲ್ಲಿ ಬೆಟ್ಟದಲ್ಲಿ ಬಂದೂಕು ಹಿಡಿದ ಕುರ್ದರೂ ಸೈನಿಕರೂ ಕಾದಾಡುತ್ತಿದ್ದ ಕಾಲ. ಒಂದು ಬೆಳಿಗ್ಗೆ ಜೀಪುಗಳು ಬಂದವು. ಊರು ಖಾಲಿ ಮಾಡಿ ಎಂದರು. ಜೀಪಿನಿಂದ ಇಳಿದ ಅಧಿಕಾರಿ ನಮ್ಮ ಅತ್ತೆಯ ಮನೆ ಮುಂದೆ ಬಂದು ನಿಂತ. ಬಿಸಿಲಿಗೆ ಅವನ ಮುಖ ಕೆಂಪಾಗಿತ್ತಂತೆ. ಅತ್ತೆ ಒಳಗೆ ಹೋಗಿ ಒಂದು ಬಟ್ಟಲು ಮಜ್ಜಿಗೆ ತಂದುಕೊಟ್ಟಳು. ಅವನು ಕುಡಿದ. ಕುಡಿದವನು ಏನು ತೋಚದೆಯೋ ಏನೋ, ಹೇಗಿದ್ದೀಯಮ್ಮ ಎಂದ. ಊರಿನವನೊಬ್ಬ ಅದನ್ನು ಅತ್ತೆಗೆ ಕುರ್ದಿಯಲ್ಲಿ ಹೇಳಿದ. ದೇವರ ದಯೆ ಮಗಾ, ಚೆನ್ನಾಗಿದ್ದೀನಿ, ನೀನು ಚೆನ್ನಾಗಿರು ಎಂದಳು. ಸಂಜೆಯ ಹೊತ್ತಿಗೆ ಆ ಮನೆಯ ಚಾವಣಿ ಇರಲಿಲ್ಲ. ಉಳಿದವರು ಹಾಸಿಗೆ, ಹಿಟ್ಟಿನ ಮೂಟೆ ಹೊತ್ತುಕೊಂಡು ಬೆಟ್ಟ ಇಳಿದರು. ಅತ್ತೆ ಹೊತ್ತದ್ದು ಚಹಾ ಕಾಯಿಸುವ ಹಿತ್ತಾಳೆಯ ಸಮೋವರ್. ಅದಿನ್ನೂ ಬಿಸಿಯಿತ್ತು, ಬಟ್ಟೆ ಸುತ್ತಿ ಸೊಂಟದಲ್ಲಿಟ್ಟುಕೊಂಡು ಬಂದಳು.

ಮನೆ ಸುಡಲು ಬಂದವನಿಗೂ ಮಜ್ಜಿಗೆ ಕೊಟ್ಟವಳು ಎಂದು ಮನೆಮಂದಿಯೆಲ್ಲ ಅವಳನ್ನು ಗೇಲಿ ಮಾಡುತ್ತಿದ್ದೆವು. ಅವಳು ಮೂಗು ಮುರಿಯುತ್ತಿದ್ದಳು. "ಬಾಯಾರಿತ್ತು ಕಣ್ರೋ ಅವನಿಗೆ. ಬಾಯಾರಿದೋನ ಹತ್ರ ಏನಂತ ಜಗಳ ಆಡ್ಲಿ?"

ಬಾಗ್ಲಾರ್‌ನಲ್ಲಿ ನಮ್ಮ ಮನೆಯ ಕೆಳಗಿನ ನೆಲಮಾಳಿಗೆಯ ಕೋಣೆ ಅವಳಿಗೆ ಸಿಕ್ಕಿತು. ಒಂದೇ ಒಂದು ಕಿಟಕಿ, ಅದರಲ್ಲಿ ಕಾಣಿಸುವುದು ದಾರಿಹೋಕರ ಪಾದ. ಗೋಡೆ ಪೂರ್ತಿ ತೇವ. ಬೇಸಿಗೆಯಲ್ಲೂ ಅವಳಿಗೆ ಕೆಮ್ಮು. ಓಣಿಯ ತಂದೂರಿನಲ್ಲಿ ನಾಲ್ಕು ಮನೆಗೆ ರೊಟ್ಟಿ ಸುಟ್ಟುಕೊಟ್ಟು ಜೀವನ ಮಾಡಿದಳು. ಹೀಗೇ ಸುಮಾರು ಹತ್ತು ವರ್ಷ ಕಳೆಯಿತು. ಈ ಹತ್ತು ವರ್ಷದಲ್ಲಿ ಅವಳಿಗೆ ಇದ್ದದ್ದು ಒಂದೇ ಆಸೆ, ಬೆಟ್ಟಕ್ಕೆ ವಾಪಸ್ಸು ಹೋಗಬೇಕು, ಹೆಮೊ ಮಾವನ ಪಕ್ಕದಲ್ಲಿ ಮಣ್ಣಾಗಬೇಕು. ಆದರೆ ದಾರಿ ಮುಚ್ಚಿತ್ತು. ಭದ್ರತೆಯ ಕಾರಣ ಎನ್ನುತ್ತಿದ್ದರು. ಇನ್ನೊಂದು ಬಾಯಿಯಲ್ಲಿ, ಊರಿನವರು ತಾವಾಗಿಯೇ ಬಿಟ್ಟುಬಂದಿದ್ದಾರೆ, ಪಟ್ಟಣದಲ್ಲಿ ಸುಖವಾಗಿದ್ದಾರೆ, ವಾಪಸ್ಸು ಹೋಗುವ ಮನಸ್ಸು ಅವರಿಗೇ ಇಲ್ಲ ಎನ್ನುತ್ತಿದ್ದರು.

ಆಮೇಲೆ ಟರ್ಕಿ ನನ್ನನ್ನೂ ಒಕ್ಕೂಟಕ್ಕೆ ಸೇರಿಸಿಕೊಳ್ಳಿ ಎಂದು ಯುರೋಪಿನ ಬಾಗಿಲು ತಟ್ಟುವ ಕಾಲ ಬಂತು. ಯುರೋಪು ಬಾಗಿಲು ತೆರೆಯುವ ಮುಂಚೆ ಮನೆ ನೋಡಿಕೊಂಡು ಹೋಗಲು ಜನ ಕಳಿಸುತ್ತಿತ್ತು, ಹೆಣ್ಣು ನೋಡಲು ಬಂದ ಹಾಗೆ. ಬಾಗ್ಲಾರ್ ಸೇರಿದ್ದ ಅತ್ತೆಯ ಊರಿನವರ ಕೇಸು ನೋಡುತ್ತಿದ್ದ ವಕೀಲೆ ನೆವಾಲ್ ಒಂದು ದಿನ ಓಡೋಡಿ ಬಂದಳು. ಅವಳಿನ್ನೂ ಚಿಕ್ಕವಳು, ಸಿಟ್ಟು ಬಂದರೆ ಕಿವಿ ಕೆಂಪಾಗುತ್ತದೆ.

"ಮಿಸ್ತೊ ಅಣ್ಣಾ, ಸಮಿತಿ ಬರ್ತಿದೆ. ಕೆಲವೇ ಕೆಲವು ಊರುಗಳ ಹೆಸರು ಹಿಡಿದು ಸರ್ಕಾರದ ಮುಂದೆ ಕೂತ್ಕೋತಾರೆ. ಆ ಊರುಗಳ ದಾರಿ ಮೊದಲು ತೆರೆಯತ್ತೆ. ನಿಮ್ಮ ಊರಿನ ಪರವಾಗಿ ಪೆರಿಖಾನ್ ಅತ್ತೆ ಮನೆಗೆ ಕರ್ಕೊಂಡು ಬರ್ತೀನಿ."

"ನಮ್ಮ ಮನೆಗಾ? ಯುರೋಪಾ?"

"ಹೂಂ. ದಯವಿಟ್ಟು ಏನೂ ಮಾಡ್ಬೇಡಿ. ಇದ್ದ ಹಾಗೇ ಇರಿ. ಆ ತೇವ, ಆ ಕಿಟಕಿ, ಆ ಕೆಮ್ಮು ಎಲ್ಲ ಅವರು ಕಣ್ಣಾರೆ ನೋಡ್ಲಿ. ಅತ್ತೆ ಬಾಯಲ್ಲೇ ಒಂದು ಮಾತು ಬರ್ಬೇಕು, ನನ್ನ ಮನೆ ಸುಟ್ರು, ನಾನು ವಾಪಸ್ ಹೋಗ್ಬೇಕು ಅಂತ. ಅಷ್ಟೇ ಸಾಕು."

ನಾನು ಎದೆ ತಟ್ಟಿಕೊಂಡು ಹೇಳಿದೆ, "ನನಗೆ ಬಿಡಿ ವಕೀಲಮ್ಮ." ಆ ಮಾತು ನೆನೆದರೆ ಈಗಲೂ ಮೈ ಪರಚಿಕೊಳ್ಳಬೇಕೆನಿಸುತ್ತದೆ.

ಇದ್ದ ಹಾಗೇ ಇರಿ ಎಂದರೆ ನಮಗೆ ಅರ್ಥವಾಗುವುದಾದರೂ ಹೇಗೆ? ಅತಿಥಿ ಬರುತ್ತಾನೆ ಎಂದಾಗ ನಾವು ಇರುವುದೇ ಬೇರೆ ಥರ. ಸುದ್ದಿ ಓಣಿಗೆ ಹಬ್ಬಿತು. ಮಾರನೆಯ ದಿನವೇ ಪಕ್ಕದ ಮನೆಯವಳು ಮದುವೆಯಲ್ಲಿ ಬಂದ ಕೆಂಪು ರತ್ನಗಂಬಳಿ ಹೊತ್ತುಕೊಂಡು ಬಂದಳು. ಅವಳು ತಂದಳಲ್ಲ ಎಂದು ಎದುರುಮನೆಯವಳು ಅದಕ್ಕಿಂತ ದೊಡ್ಡದನ್ನು ತಂದಳು. ಆಮೇಲೆ ಜಮಖಾನಗಳು, ಜರಿಯ ದಿಂಬುಗಳು, ಗಾಜಿನ ತಟ್ಟೆಗಳು. ಯುರೋಪಿನವರ ಮೊಣಕಾಲು ಮಡಚುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಮೂರು ಜನ ಸೇರಿ ಒಂದು ಸೋಫಾವನ್ನು ಮೆಟ್ಟಿಲಲ್ಲಿ ಇಳಿಸಿದರು. ಇಳಿಸುವಾಗ ನನ್ನ ಬೆರಳು ಜಜ್ಜಿತು. ಕಸೂತಿ ಹೊದಿಕೆಯ ಟಿವಿಯೊಂದು ಬಂತು. ನನ್ನ ಹೆಂಡತಿ ಗುಲಿಜಾರ್ ತೇವದ ಗೋಡೆಯನ್ನು ನೋಡಿ, "ಥೂ, ನಾಚಿಕೆಗೇಡು," ಎಂದು ಅತಿ ದೊಡ್ಡ ರತ್ನಗಂಬಳಿಯನ್ನು ಅದರ ಮೇಲೆ ನೇತುಹಾಕಿಸಿದಳು. ಮೊಳೆ ಹೊಡೆದವನು ನಾನೇ.

ನನಗೆ ಒಂದು ಕ್ಷಣ ವಕೀಲಮ್ಮನ ಮಾತು ನೆನಪಾಯಿತು. "ಅತ್ತೆ, ಇದ್ದ ಹಾಗೇ ಇರಿ ಅಂದಿದ್ರಲ್ಲ?"

"ಇದ್ದ ಹಾಗೇ ಅಂದ್ರೆ? ಅಷ್ಟು ದೂರದಿಂದ ಬರೋರನ್ನ ಬರೀ ಸಿಮೆಂಟಿನ ಮೇಲೆ ಕೂರಿಸ್ಲಾ? ಆಮೇಲೆ ಯುರೋಪಿನಲ್ಲಿ ಏನಂತಾರೆ? ಕುರ್ದರ ಮನೇಲಿ ಹಾಸೋಕೆ ಒಂದು ಚಾಪೆ ಇರ್ಲಿಲ್ಲ ಅಂತಾರೆ. ಹೋಗು, ಕುರಿಮರಿ ತಗೊಂಡ್ಬಾ."

ತಂದೆ. ಊರಿನವರೆಲ್ಲ ಸೇರಿ ತಂದೆವು. ವಾಪಸ್ಸು ಹೋಗಲು ಬಸ್ಸಿಗೂ ಕಾಸಿಲ್ಲದವರೆಲ್ಲ ಸೇರಿ ಕುರಿಮರಿ ಕೊಯ್ದೆವು. ನಮ್ಮ ಜನಾಂಗದ ಮೇಲೆ ಬಹಳ ದೊಡ್ಡ ಪುಸ್ತಕಗಳು ಬಂದಿವೆಯಂತೆ. ಅವುಗಳಲ್ಲಿ ಈ ಒಂದು ಸಾಲು ಇದ್ದರೆ ಉಳಿದದ್ದನ್ನು ಓದುವ ಅಗತ್ಯವಿಲ್ಲ.

ಅತ್ತೆ ಮಾತ್ರ ಹೇಳಬೇಕಾದ ಮಾತನ್ನು ಮರೆತಿರಲಿಲ್ಲ. ದಿನಾ ತಂದೂರಿನ ಮುಂದೆ ಕೂತು ಹಿಟ್ಟು ತಟ್ಟುತ್ತಾ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಒಮ್ಮೆ ನನ್ನನ್ನು ಕೂರಿಸಿಕೊಂಡು ಪೂರ್ತಿ ಹೇಳಿದಳು. ಜೀಪು ಬಂದದ್ದು, ಮಜ್ಜಿಗೆ, ಹೊಗೆ, ತಟ್ಟೆಯಲ್ಲಿದ್ದ ಹುಳುಗಳು ಹಾಗೇ ಬೆಂದದ್ದು, ಗೋರಿಗೆ ಹತ್ತು ವರ್ಷದಿಂದ ಒಬ್ಬರೂ ನೀರು ಹಾಕದೆ ಇರುವುದು. ಯಾವ ಯುರೋಪಾದರೂ ಇದನ್ನು ಕೇಳಿದರೆ ಕರಗುತ್ತದೆ ಎಂದುಕೊಂಡೆ.

ಅವರು ಬಂದರು. ಸಮಿತಿಯ ಮುಖ್ಯಸ್ಥ ದೀಪದ ಕಂಬದಷ್ಟು ಎತ್ತರ, ಬಾಗಿಲಿಗೆ ಹಣೆ ಬಡಿದುಕೊಂಡೇ ಒಳಗೆ ಬಂದ. ಜೊತೆಗೆ ಬಿಳಿಗೂದಲಿನ ಒಬ್ಬ ಹೆಂಗಸು, ಅಂಕಾರಾದಿಂದ ಕರೆದುಕೊಂಡು ಬಂದ ಒಬ್ಬ ದುಭಾಷಿ. ದುಭಾಷಿಗೆ ಕುರ್ದಿ ಬರುವುದಿಲ್ಲ, ಅತ್ತೆಗೆ ತುರ್ಕಿ ಬರುವುದಿಲ್ಲ. ಕೇಸು ನಡೆಸುವ ನೆವಾಲ್ ದುಭಾಷಿಯಾಗುವಂತಿಲ್ಲವಂತೆ, ಹಾಗಾಗಿ ಕುರ್ದಿಯಿಂದ ತುರ್ಕಿಗೆ ನಾನು, ತುರ್ಕಿಯಿಂದ ಇಂಗ್ಲಿಷಿಗೆ ಅವನು ಎಂದಾಯಿತು. ನಾನು ಬಾಡಿಗೆಗೆ ತಂದ ಕೋಟು ಹಾಕಿಕೊಂಡಿದ್ದೆ. ವಿಶ್ವಸಂಸ್ಥೆಯೇ ನನ್ನ ಹೆಗಲ ಮೇಲಿದೆ ಎಂಬಂತೆ ಕುತ್ತಿಗೆ ಸೆಟೆಸಿ ಕೂತೆ. ಬಾಗಿಲಲ್ಲಿ ನಿಂತ ನೆವಾಲ್ ಕೋಣೆಯನ್ನು ನೋಡಿದಳು, ಸೋಫಾ ನೋಡಿದಳು, ನನ್ನನ್ನು ನೋಡಿದಳು. ಅವಳ ಕಿವಿ ಕೆಂಪಾಗತೊಡಗಿತು.

ನೆಲದ ಮೇಲೆ ಬಟ್ಟೆ ಹಾಸಿ ಊಟ ಬಡಿಸಿದರು. ಇಡೀ ಕುರಿಮರಿ, ಗೋಧಿ ನುಚ್ಚಿನ ಅನ್ನ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಕಡುಬು, ಮೊಸರು, ಮಗುವಿನ ತೊಟ್ಟಿಲಿನಷ್ಟು ದೊಡ್ಡ ಕಲ್ಲಂಗಡಿ. ಅತಿಥಿಗಳ ಕಣ್ಣು ಅರಳಿತು.

ಎತ್ತರದವನು ಕೇಳಿದ, ಇಲ್ಲಿ ಬದುಕು ಹೇಗಿದೆ?

ನಾನು ಅತ್ತೆಯ ಕಡೆ ತಿರುಗಿ ಹೇಳಿದೆ. ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡಳು. "ದೇವರ ದಯೆ, ಚೆನ್ನಾಗಿದೀವಿ. ಅವರು ಚೆನ್ನಾಗಿರ್ಲಿ. ಪಾಪ, ದಾರೀಲಿ ಸುಸ್ತಾಗಿರ್ತಾರೆ, ಕಾಲು ಚಾಚ್ಕೊಳಕ್ಕೆ ಹೇಳು."

"ಅತ್ತೆ," ಎಂದು ನಾನು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದೆ.

"ಹೇಳೋ, ಹೇಳ್ದಷ್ಟು ಹೇಳು."

ಹೇಳಿದೆ. ಏನು ಮಾಡಲಿ, ಅವಳ ಮಾತು ಅವಳದೇ. ದುಭಾಷಿ ಹೇಳಿದ. ಬಿಳಿಗೂದಲಿನವಳು ಬರೆದುಕೊಂಡಳು.

ನಿಮಗೆ ಏನಾದರೂ ಕೊರತೆ ಇದೆಯೇ? "ಅವರು ಬಂದ್ರಲ್ಲ, ಇನ್ನೇನು ಕೊರತೆ?" ಅದನ್ನೂ ಬರೆದುಕೊಂಡಳು. ಆ ಹೊತ್ತಿಗೆ ಅತ್ತೆಗೆ ಕೆಮ್ಮು ಬಂತು. ಊಟ ಮಾಡುವವರ ಮುಂದೆ ಕೆಮ್ಮಬಾರದೆಂದು ತಲೆವಸ್ತ್ರದ ಸೆರಗಿನಿಂದ ಬಾಯಿ ಒತ್ತಿ ಹಿಡಿದಳು, ಕಣ್ಣಲ್ಲಿ ನೀರು ಬಂತು. ಇವಳು ಭಾವುಕಳಾಗಿದ್ದಾಳೆ, ಸಂತೋಷದಿಂದ ಇರಬೇಕು ಎಂದು ಎತ್ತರದವನು ಅವಳ ಕೈ ಕುಲುಕಿದ.

ಕೊನೆಗೆ ಆ ಪ್ರಶ್ನೆ ಬಂತು. ನೀವು ನಿಮ್ಮ ಹಳ್ಳಿಗೆ ಮರಳಲು ಬಯಸುತ್ತೀರಾ?

ಬಾಗಿಲಲ್ಲಿ ಊರಿನವರೆಲ್ಲ ಕತ್ತು ಚಾಚಿ ನಿಂತಿದ್ದರು. ಅತ್ತೆ ಎತ್ತರದವನ ತಟ್ಟೆ ನೋಡಿದಳು. ಅದರಲ್ಲಿ ಇನ್ನೂ ಅರ್ಧ ಅನ್ನ ಇತ್ತು.

"ಅದನ್ನೆಲ್ಲ ಚಹಾ ಕುಡೀತಾ ಮಾತಾಡೋಣ. ಈಗ ಊಟ ಮಾಡ್ಲಿ, ತಣ್ಣಗಾಗತ್ತೆ," ಎಂದಳು. ಅವನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.

ನಮ್ಮಲ್ಲಿ ಅದು ಹಾಗೇ. ಬಂದವನ ಕೆಲಸ ಏನೆಂದು ಊಟಕ್ಕೆ ಮುಂಚೆ ಕೇಳುವುದಿಲ್ಲ, ನಮ್ಮ ಗೋಳನ್ನು ಚಹಾಕ್ಕೆ ಮುಂಚೆ ಹೇಳುವುದಿಲ್ಲ. ಕೊಲೆಗೆ ರಾಜಿ ಮಾಡಿಸಲು ಬಂದವರೂ ಮೊದಲು ಉಣ್ಣುತ್ತಾರೆ, ಹವಾಮಾನ ಮಾತಾಡುತ್ತಾರೆ, ಮೊದಲ ಲೋಟ ಚಹಾ ಮುಗಿಸಿ ಆಮೇಲೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ನಾನು ಇದನ್ನು ದುಭಾಷಿಗೆ ವಿವರಿಸಲು ಹೋದೆ. ಅವನು ಬಾಯಿತುಂಬ ಮಾಂಸ ಇಟ್ಟುಕೊಂಡು, "ಆಮೇಲೆ ಅಂತೆ," ಎಂದಷ್ಟೇ ಅವರಿಗೆ ಹೇಳಿದ.

ಅತ್ತೆ ಸಮೋವರಿನ ಹತ್ತಿರ ಹೋದಳು. ಸಣ್ಣ ಸೊಂಟದ ಗಾಜಿನ ಲೋಟಗಳನ್ನು ಬಟ್ಟೆಯಿಂದ ಒಂದೊಂದಾಗಿ ಒರೆಸಿದಳು. ತುಟಿ ಅಲ್ಲಾಡುತ್ತಿತ್ತು, ಹೇಳಬೇಕಾದದ್ದನ್ನು ಕೊನೆಯ ಸಲ ಜೋಡಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಮೇಲೆ ಓಣಿಯಲ್ಲಿ ಕಾರಿನ ಹಾರನ್ ಕೂಗಿತು. ಅವರ ಜೊತೆ ಕಾರಿನಲ್ಲಿ ಬಂದಿದ್ದ ಸರ್ಕಾರಿ ಮನುಷ್ಯ ಕಿಟಕಿಗೆ ಬಗ್ಗಿ, ಮುಂದಿನ ಭೇಟಿಗೆ ಹೊತ್ತಾಯಿತು ಎಂದ. ಅವರು ಎದ್ದರು. ನೆವಾಲ್ ಇಂಗ್ಲಿಷಿನಲ್ಲಿ ಏನೋ ಗೋಗರೆದಳು. ಎತ್ತರದವನು ಗಡಿಯಾರ ನೋಡಿ ತೋಳು ಅಗಲಿಸಿದ, ಅವಳಿಗೆ ಸಮಾಧಾನ ಹೇಳಿದ. ಹೋಗುವಾಗ ಮತ್ತೆ ಹಣೆ ಬಡಿದುಕೊಂಡ.

ಅತ್ತೆ ತಟ್ಟೆಯಲ್ಲಿ ಚಹಾದ ಲೋಟಗಳನ್ನಿಟ್ಟುಕೊಂಡು ತಿರುಗಿದಾಗ ಕೋಣೆಯಲ್ಲಿ ನಾನು, ಸೋಫಾ, ಕುರಿಮರಿಯ ಮೂಳೆ ಇಷ್ಟೇ ಇದ್ದೆವು.

"ಎಲ್ಲಿ ಅವರು?"

"ಹೋದ್ರು."

"ಚಹಾ ಕುಡೀದೇನೇ?" ಎಂದಳು. ನಾನು ತಟ್ಟೆ ಇಸಿದುಕೊಂಡೆ.

ವರದಿ ಚಳಿಗಾಲದಲ್ಲಿ ಬಂತು. ನೆವಾಲ್ ನನ್ನ ಮಿನಿಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಓದಿ ಹೇಳಿದಳು. ಆ ಹಳ್ಳಿಯ ಕುಟುಂಬಗಳು ನಗರದ ಬದುಕಿಗೆ ಹೊಂದಿಕೊಂಡಿವೆ, ವಸತಿ ಮತ್ತು ಆಹಾರದ ಸ್ಥಿತಿ ತೃಪ್ತಿಕರ, ಮರಳುವ ತುರ್ತು ಬಯಕೆ ಯಾರಿಂದಲೂ ವ್ಯಕ್ತವಾಗಲಿಲ್ಲ. ಸರ್ಕಾರ ಇಷ್ಟು ವರ್ಷ ಹೇಳುತ್ತಾ ಬಂದದ್ದನ್ನು ನಾವು ಒಂದು ಕುರಿಮರಿ ಕೊಯ್ದು ಸಾಬೀತು ಮಾಡಿ ಕೊಟ್ಟಿದ್ದೆವು.

"ನಿಮ್ಮನ್ನೆಲ್ಲ ಏನು ಮಾಡ್ಬೇಕು ಹೇಳಿ!" ಎಂದು ನೆವಾಲ್ ಕಾಗದವನ್ನು ನನ್ನ ತೊಡೆಯ ಮೇಲೆ ಎಸೆದಳು. "ನೀವು ಸೋಫಾ ತಂದಿದ್ರಿ! ಸೋಫಾ!"

"ಎರವಲು ತಂದದ್ದು ವಕೀಲಮ್ಮ," ಎಂದೆ.

ವಸಂತದಲ್ಲಿ ಕೆಲವು ಊರುಗಳ ದಾರಿ ತೆರೆಯಿತು. ನಮ್ಮದಲ್ಲ. ಬೇರೆ ಊರಿನವರು ಹಾಸಿಗೆ ಕಟ್ಟಿಕೊಂಡು ಹೋಗುವಾಗ ಅವರನ್ನು ಬೆಟ್ಟದ ಬುಡದವರೆಗೆ ಬಿಟ್ಟುಬಂದವನು ನಾನೇ. ಸಂಜೆ ಮನೆಗೆ ಬಂದವನು ಅತ್ತೆಯ ಮೇಲೆ ಹರಿಹಾಯ್ದೆ.

"ಒಂದೇ ಒಂದು ಮಾತು ಅತ್ತೆ! ಹೋಗ್ಬೇಕು ಅನ್ನೋ ಒಂದು ಮಾತು ಬಾಯಿಂದ ಬರ್ಲಿಲ್ವಲ್ಲ ನಿಂಗೆ! ಚೆನ್ನಾಗಿದೀವಂತೆ! ದೇವರ ದಯೆಯಂತೆ!"

ಅವಳಿಗೂ ರೇಗಿತು. "ಬಾಯಲ್ಲಿ ಅನ್ನ ಇಟ್ಕೊಂಡೋರಿಗೆ ಸುಟ್ಟ ಮನೆ ಕಥೆ ಹೇಳ್ಬೇಕಿತ್ತೇನೋ? ಗಂಟಲಲ್ಲಿ ಸಿಕ್ಕೊಂಡು ಸತ್ರೆ? ನನ್ನ ಮನೇಲಿ ಉಂಡೋರಿಗೆ ನಾನು ಸಂಕಟ ಕೊಡ್ಲಾ?"

"ನಿನ್ನ ಸಂಕಟ ನೋಡೋಕೇ ಬಂದಿದ್ರು ಅವರು!"

"ಹಾಗಿದ್ರೆ ಚಹಾದ ತನಕ ಕೂತಿರ್ಬೇಕಿತ್ತು," ಎಂದು ಬಾಗಿಲು ಹಾಕಿಕೊಂಡಳು. ಬಾಗಿಲಾಚೆ ಕೆಮ್ಮು ಕೇಳುತ್ತಿತ್ತು. ರತ್ನಗಂಬಳಿಗಳೆಲ್ಲ ವಾಪಸ್ಸು ಹೋಗಿದ್ದವು, ಗೋಡೆಯಲ್ಲಿ ನಾನು ಹೊಡೆದ ಮೊಳೆ ಮಾತ್ರ ಉಳಿದಿತ್ತು.

ಕೆಲವು ದಿನ ನಾವು ಮಾತು ಬಿಟ್ಟಿದ್ದೆವು. ಒಂದು ಶುಕ್ರವಾರ ಬೆಳಿಗ್ಗೆ ಗಾಡಿ ತೆಗೆಯಲು ಬಂದರೆ ಅತ್ತೆ ಮುಂದಿನ ಸೀಟಿನಲ್ಲಿ ಕೂತಿದ್ದಳು. ತಲೆಗೆ ಬಿಳಿ ವಸ್ತ್ರ, ಮಡಿಲಲ್ಲಿ ಸಮೋವರ್.

"ನಡಿ."

"ಎಲ್ಲಿಗೆ?"

"ಊರಿಗೆ."

"ಅತ್ತೆ, ದಾರಿ ಮುಚ್ಚಿದೆ. ಸೈನಿಕರಿದ್ದಾರೆ."

"ಇರ್ಲಿ ಬಿಡು. ಅವರೇನು ಚಹಾ ಕುಡಿಯಲ್ವಾ?"

ಪ್ರಯಾಣಿಕರು ಕಾಯುತ್ತಿದ್ದರು. ಅವರನ್ನೆಲ್ಲ ಇನ್ನೊಬ್ಬನ ಗಾಡಿಗೆ ಹತ್ತಿಸಿದೆ. ಯಾಕೆ ಎಂದು ಕೇಳಬೇಡಿ. ಅವಳ ಮುಖ ನೋಡಿದ್ದರೆ ನೀವೂ ಹತ್ತಿಸುತ್ತಿದ್ದಿರಿ.

ಊರಿನ ದಾರಿ ಕವಲೊಡೆಯುವಲ್ಲಿ ಅಡ್ಡಗಂಬ, ಮರಳಿನ ಮೂಟೆ, ನಾಲ್ಕೈದು ಸೈನಿಕರು. ಅವರ ಮೇಲಿನವನು ಒಬ್ಬ ಸಾರ್ಜೆಂಟ್, ನರೆತ ಮೀಸೆಯ ಮನುಷ್ಯ, ಸದ್ಯದಲ್ಲೇ ನಿವೃತ್ತಿಯಾಗುವವನು. "ಮುಂದೆ ಹೋಗೋ ಹಾಗಿಲ್ಲ. ತಿರುಗಿಸು ಗಾಡಿ," ಎಂದ. ನಾನು ಎಂದಿನಂತೆ ಗುರುತಿನ ಚೀಟಿ ತೆಗೆದೆ. ಅತ್ತೆ ಆಗಲೇ ಕೆಳಗಿಳಿದಾಗಿತ್ತು. ರಸ್ತೆಬದಿಯ ಹುಲ್ಲಿನ ಮೇಲೆ ತನ್ನದೇ ಹಳೇ ಜಮಖಾನ ಹಾಸಿದಳು, ಸಮೋವರಿಗೆ ಇದ್ದಿಲು ಹಾಕಿ ಊದತೊಡಗಿದಳು.

"ಏನ್ ಮಾಡ್ತಿದ್ದಾಳೆ ಇವಳು?" ಎಂದ ಸಾರ್ಜೆಂಟ್.

"ಚಹಾ ಮಾಡ್ತಿದ್ದಾಳೆ ಸರ್. ತಡೆಯೋಕೆ ನನ್ನ ಕೈಲಾಗಲ್ಲ. ನಿಮ್ಮ ಕೈಲಾದ್ರೆ ನೋಡಿ."

ಅವನ ಕೈಲೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಬಂದೂಕನ್ನು ಪಕ್ಕಕ್ಕಿಟ್ಟು ಜಮಖಾನದ ಅಂಚಿನಲ್ಲಿ ಕೂತಿದ್ದ. ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿದ. ಅವನು ರೀಜೆ ಕಡೆಯವನು, ಚಹಾ ಬೆಳೆಯುವ ಊರು. "ನಮ್ಮವ್ವ ಹೀಗೇ ಮಾಡ್ತಿದ್ಲು," ಎಂದ. ಅತ್ತೆಗೆ ತಿಳಿಸಿದೆ. "ಅವರವ್ವನ ಕೈಗೆ ದೇವರು ಒಳ್ಳೇದು ಮಾಡ್ಲಿ," ಎಂದಳು. ಹವಾಮಾನದ ಮಾತಾಯಿತು, ಅವನ ಮಕ್ಕಳ ವಿಚಾರವಾಯಿತು. ಮೊದಲ ಲೋಟ ಮುಗಿಯಿತು. ಆಗ ಅತ್ತೆ ಗಂಟಲು ಸರಿಮಾಡಿಕೊಂಡಳು.

"ಈಗ ಹೇಳು ಮಿಸ್ತೊ. ಚಹಾ ಆಯ್ತು, ಈಗ ಮಾತು. ಅಲ್ಲಿ ಮೇಲೆ ನನ್ನ ಮನೆ ಇತ್ತು. ಸುಟ್ರು. ಯಾರು ಸುಟ್ರು ಅಂತ ಇವನ ಹತ್ರ ಕೇಳಲ್ಲ. ನನ್ನ ಗಂಡನ ಗೋರಿ ಇದೆ. ನಾನು ಒಂದ್ಸಲ ನೋಡ್ಬೇಕು."

ತುರ್ಕಿಯಲ್ಲಿ ಹೇಳಿದೆ. ಒಂದು ಪದವನ್ನೂ ಬಿಡಲಿಲ್ಲ. ಸಾರ್ಜೆಂಟ್ ಖಾಲಿ ಲೋಟವನ್ನು ಅತ್ತೆಯ ಮುಂದೆ ಚಾಚಿದ.

"ಇನ್ನೊಂದು ಲೋಟ ಹಾಕೋಕೆ ಹೇಳು. ಅದು ಮುಗಿಯೋ ತನಕ ನಾನು ಆ ಕಡೆ ನೋಡಲ್ಲ. ಮುಗಿದ ಮೇಲೆ ನೀವು ಇಲ್ಲಿರ್ಬೇಕು." ಊರಿನ ದಾರಿಗೆ ಬೆನ್ನು ಮಾಡಿ ಕೂತು, "ನಾನು ನಿಧಾನಕ್ಕೆ ಕುಡೀತೀನಿ," ಎಂದ.

ಊರೆಂದರೆ ಈಗ ಕಲ್ಲುಗುಡ್ಡೆ. ಊಟೆ ಮಾತ್ರ ಹರಿಯುತ್ತಿತ್ತು. ಅತ್ತೆಯ ಮನೆಯ ನಾಲ್ಕು ಗೋಡೆ ಸೊಂಟದೆತ್ತರಕ್ಕೆ ನಿಂತಿದ್ದವು, ಕೋಣೆಯ ನಡುವೆ ಒಂದು ಹಿಪ್ಪುನೇರಳೆ ಗಿಡ ಎದ್ದು ನನಗಿಂತ ಎತ್ತರ ಬೆಳೆದಿತ್ತು. ಅತ್ತೆ ಹೊಸ್ತಿಲ ಕಲ್ಲಿನ ಮುಂದೆ ನಿಂತು ಚಪ್ಪಲಿ ಬಿಟ್ಟಳು. ಜೋಡಿಸಿಟ್ಟಳು. ಆಮೇಲೆ ಒಳಗೆ ಕಾಲಿಟ್ಟಳು. ನಾನು ಹಾಗೇ ಹೋದೆ.

"ಬೂಟು ಬಿಡೋ, ಕತ್ತೆ! ಯಾರ ಮನೆ ಅಂದ್ಕೊಂಡಿದ್ದೀಯ?"

ಬಿಟ್ಟೆ. ಮೂರು ಹೆಜ್ಜೆಗೆ ಕಾಲಿಗೆ ಮುಳ್ಳು ಚುಚ್ಚಿತು. ಒಂಟಿಕಾಲಲ್ಲಿ ಕುಣಿಯುತ್ತಾ ಮುಳ್ಳು ಕೀಳುತ್ತಿದ್ದೆ. ಅವಳು ಒಂದು ಮೂಲೆಗೆ ಹೋಗಿ, ಹಿಂದೆ ದಿನಾ ಕೂರುತ್ತಿದ್ದ ಜಾಗವಿರಬೇಕು, ನೆಲ ಸವರಿ ಕೂತಳು. ಅಲ್ಲಿಂದ ದಿಬ್ಬದ ಮೇಲಿನ ಗೋರಿಯ ಕಲ್ಲು ಕಾಣುತ್ತಿತ್ತು. ಇನ್ನೊಬ್ಬರ ಮನೆಗೆ ಹೋದವನು ಕೂತ ಕೂಡಲೇ ಕುಶಲ ಕೇಳಬೇಕು. ನನಗೆ ಬೇರೇನೂ ತೋಚಲಿಲ್ಲ, ಸ್ವಲ್ಪ ತಮಾಷೆಯೂ ಸೇರಿತ್ತು.

"ಹೇಗಿದ್ದೀಯ ಅತ್ತೆ?"

ಕೈ ಎದೆಯ ಮೇಲೆ ಹೋಗುತ್ತದೆ ಎಂದು ಕಾದೆ. ಹೋಗಲಿಲ್ಲ.

"ಚೆನ್ನಾಗಿಲ್ಲ ಕಣೋ ಮಿಸ್ತೊ," ಎಂದಳು. "ಚೆನ್ನಾಗಿಲ್ಲ. ಹತ್ತು ವರ್ಷದಿಂದ ಒಂದು ದಿನಾನೂ ಚೆನ್ನಾಗಿಲ್ಲ. ಆ ಗುಂಡಿಯೊಳಗೆ ಉಸಿರು ಕಟ್ಟತ್ತೆ. ಜನರ ಕಾಲು ನೋಡಿ ನೋಡಿ ಸಾಕಾಯ್ತು. ಯಾಕೋ ಸುಟ್ರು? ನಾನೇನು ಮಾಡಿದ್ದೆ? ಮಜ್ಜಿಗೆ ಕೊಟ್ಟಿದ್ದೆನಲ್ಲೋ." ಆಮೇಲೆ ಅವಳು ಬಾಯಿಗೆ ಸೆರಗು ಒತ್ತಲಿಲ್ಲ. ಆ ಚಾವಣಿಯಿಲ್ಲದ ಮನೆಯಲ್ಲಿ ದೊಡ್ಡ ದನಿಯಲ್ಲಿ ಅತ್ತಳು. ನಾನೂ ಅತ್ತುಬಿಟ್ಟೆ. ಕೈಯಲ್ಲಿ ಮುಳ್ಳು ಹಿಡಿದುಕೊಂಡೇ ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡ ಮೇಲೆ ಅವಳೇ ಹೇಳಿದಳು, "ಇದು ನನ್ನ ಮನೆ. ಇಲ್ಲಿ ಸುಳ್ಳು ಹೇಳಲ್ಲ." ಗೋರಿಗೆ ಊಟೆಯ ನೀರು ಹಾಕಿದಳು, ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ಕಿತ್ತು ಮಡಿಲಿಗೆ ಹಾಕಿಕೊಂಡಳು.

ಕೆಳಗೆ ಬಂದಾಗ ಸಾರ್ಜೆಂಟ್ ಅಡ್ಡಗಂಬದ ಪಕ್ಕ ಅದೇ ಲೋಟ ಹಿಡಿದು ನಿಂತಿದ್ದ. ತಳದಲ್ಲಿ ಒಂದು ಗುಟುಕು ಉಳಿದಿತ್ತು, ಯಾವಾಗಲೋ ತಣ್ಣಗಾಗಿತ್ತು. ಅತ್ತೆಯ ಕೆಂಪಾದ ಕಣ್ಣು ನೋಡಿ ಅವನ ಮುಖ ಸಣ್ಣದಾಯಿತು.

"ಮೇಲೆ ಹೇಗಿದೆಯಂತೆ ಕೇಳು," ಎಂದ ನನಗೆ.

ಕೇಳಿದೆ. ಅವಳು ಹೇಳಲಿ ಎಂದು ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡೆ. ಒಂದು ಸಲ ಹೇಳಿಬಿಡಲಿ, ಈಗಷ್ಟೇ ಹೇಳಿದ್ದನ್ನು ಇವನಿಗೂ ಹೇಳಲಿ. ಅತ್ತೆ ಬಾಯಿ ತೆರೆದಳು. ಅವನ ಕೈಯಲ್ಲಿದ್ದ ಲೋಟ ನೋಡಿದಳು. ಎದೆಯ ಮೇಲೆ ಕೈ ಇಟ್ಟುಕೊಂಡಳು.

"ದೇವರ ದಯೆ ಮಗಾ, ಎಲ್ಲ ಚೆನ್ನಾಗಿದೆ. ನಿನ್ನ ಚಹಾ ತಣ್ಣಗಾಯ್ತಲ್ಲ, ಬೇರೆ ಹಾಕ್ಲಾ?"

ಅವನು ತಲೆ ತಗ್ಗಿಸಿ ಉಳಿದ ಗುಟುಕು ಕುಡಿದ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟ. ನಾನು ಗಾಡಿ ಹತ್ತಿದೆ. ಕುಂಟುತ್ತಿದ್ದೆನಲ್ಲ, ಅವನು ಕಿಟಕಿಗೆ ಬಗ್ಗಿದ. "ನಿನಗೇನಾಯ್ತು? ಹುಷಾರಾಗಿದ್ದೀಯ ತಾನೆ?"

ಅತ್ತೆಗೆ ಮೊನ್ನೆಮೊನ್ನೆ ಬೈದವನು ನಾನು. ಒಂದು ಮಾತು, ಒಂದೇ ಒಂದು ಮಾತು ಎಂದು ಕೂಗಾಡಿದವನು. ಅವನ ಮುಖ ನೋಡಿದೆ. ನಮ್ಮ ಚಹಾ ಕುಡಿದಿದ್ದ.

"ದೇವರ ದಯೆ ಸರ್," ಎಂದೆ. "ಚೆನ್ನಾಗಿದ್ದೀನಿ."